ಪ್ರಯೋಜನ ಒಂದು, ಶ್ರಮ ಐದು

ಕೊಚ್ಚಿಯ ಕಲೂರ್ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಟ್ಟೆಯಂಗಡಿಯೊಂದರ ಮೇಲಿರುವ ಟ್ಯೂಷನ್ ಕೋಣೆಯಲ್ಲಿ ನಮ್ಮ ಕನ್ನಡ ಬಳಗದ ಸಮಿತಿ ಸೇರಿದ್ದ ಆ ಭಾನುವಾರ, ನಾನು ಒಳಗೆ ಕಾಲಿಟ್ಟಾಗ ಎದ್ದು ಕುರ್ಚಿ ಬಿಟ್ಟುಕೊಟ್ಟವರು ಯಾರೂ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತೆ. ತಿರುವನಂತಪುರದಿಂದ ಬೆಳಗಿನ ರೈಲು ಹಿಡಿದು, ಎರ್ನಾಕುಳಂ ನಾರ್ತ್‌ನಲ್ಲಿ ಇಳಿದು, ಆಟೋ ಹುಡುಕಿ, ಎಪ್ಪತ್ತರ ಹತ್ತಿರದ ಮಂಡಿಗಳನ್ನು ಎಳೆದುಕೊಂಡು ಆ ಕಿರಿದಾದ ಮೆಟ್ಟಿಲು ಹತ್ತಿ ಬಂದಿದ್ದೆ.

"ಬನ್ನಿ ಬನ್ನಿ ಆಂಟಿ. ಲೇಟಾಗಿದ್ದು ಟ್ರೈನಾ, ನೀವಾ?" ಎಂದರು ಅಧ್ಯಕ್ಷರು. ಬೆಂಗಳೂರಿನವರು, ಕೊಚ್ಚಿಗೆ ಬಂದು ಹೆಚ್ಚು ವರ್ಷಗಳೇನೂ ಆಗಿಲ್ಲ. ಎಲ್ಲರೂ ನಕ್ಕರು. ತಡವಾದದ್ದು ರೈಲು. ಅದನ್ನು ಹೇಳುವಷ್ಟರಲ್ಲಿ ಅವರು ಬೇರೆ ವಿಷಯಕ್ಕೆ ಹೋಗಿಯಾಗಿತ್ತು. ಈ ಬಳಗವನ್ನು ಕಟ್ಟಿದ ಮೂವರಲ್ಲಿ ಈಗ ಉಳಿದಿರುವವರು ನಾನು ಮತ್ತು ನನ್ನ ಯಜಮಾನರು ಮಾತ್ರ. ಅದನ್ನು ಆ ಕೋಣೆಯಲ್ಲಿ ತಿಳಿದಿದ್ದವಳು ನನ್ನ ಮಗಳೊಬ್ಬಳೇ. ಅವಳು ಬಿಳಿ ಹಲಗೆಯ ಮುಂದೆ ನಿಂತು, ಹಿಂದಿನ ದಿನದ ಭೌತಶಾಸ್ತ್ರದ ಪಾಠವನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

ಮಗಳು ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಒಂದು ತಂಡವನ್ನು ನಡೆಸುವವಳು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸುವುದು ಅವಳ ವೃತ್ತಿ. ನಮ್ಮ ಬಳಗದಲ್ಲಿ ಆಗ ಕೆಲಸಗಳು ಬೆಳೆದು ಕೈಗಳು ಕಡಿಮೆಯಾಗಿದ್ದವು. ಎರಡು ನಗರಗಳಲ್ಲಿ ಹಂಚಿಹೋಗಿರುವ ಕನ್ನಡಿಗರು, ದುಡಿಯುವವರು ಏಳೆಂಟು ಜನ. ಆದ್ದರಿಂದ ಅಧ್ಯಕ್ಷರು ಅವಳನ್ನು ಕೇಳಿಕೊಂಡಿದ್ದರು, ಆಫೀಸಿನಲ್ಲಿ ಮಾಡುವುದನ್ನೇ ಇಲ್ಲಿಯೂ ಒಮ್ಮೆ ಮಾಡಿಕೊಡಿ ಎಂದು.

ಅವಳು ಹಲಗೆಯ ಮೇಲೆ ಮೇಲಿಂದ ಕೆಳಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದಳು. ಒಂದು ಗೆರೆ ಪ್ರಯೋಜನಕ್ಕೆ, ಇನ್ನೊಂದು ಶ್ರಮಕ್ಕೆ. ಪ್ರತಿ ಕೆಲಸಕ್ಕೂ ಎರಡರಲ್ಲಿಯೂ ಒಂದರಿಂದ ಐದರವರೆಗೆ ಅಂಕ. ಹೆಚ್ಚು ಪ್ರಯೋಜನ, ಕಡಿಮೆ ಶ್ರಮ ಎಂದಾದರೆ ಆ ಕೆಲಸವನ್ನು ನಾಳೆಯೇ ಮಾಡುವುದು. ಪ್ರಯೋಜನ ಕಡಿಮೆಯಾಗಿ ಶ್ರಮ ಹೆಚ್ಚಾದರೆ ಕೆಳಗಿನ ಬಲ ಮೂಲೆಗೆ ಅಂಟಿಸುವುದು. ಆ ಮೂಲೆಯಲ್ಲಿ ಅವಳು ಇಂಗ್ಲಿಷಿನಲ್ಲಿ ‘ಬಿಡುವುದು’ ಎಂದು ಬರೆದಳು. ಅವಳು ಇದನ್ನೆಲ್ಲ ವಿವರಿಸಿದ್ದೂ ಇಂಗ್ಲಿಷಿನಲ್ಲಿಯೇ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಆದರೆ ಆಡುವುದಿಲ್ಲ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರಿಸುತ್ತ ದೊಡ್ಡವಳಾದಳು. ಅದಕ್ಕೊಂದು ಕಾರಣವಿದೆ. ಚಿಕ್ಕ ತರಗತಿಯಲ್ಲಿದ್ದಾಗ ಮೈಸೂರಿನ ಮದುವೆಮನೆಯೊಂದರಲ್ಲಿ ಅವಳು ಆಡಿದ ಒಂದು ವಾಕ್ಯಕ್ಕೆ ನನ್ನ ಸ್ವಂತ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, ನಾಲ್ಕು ಜನರನ್ನು ಕರೆದು ಅದನ್ನೇ ಮತ್ತೆ ಹೇಳಿಸಿದಳು. ಮಗು ಮತ್ತೆ ಹೇಳಿತು. ಆಮೇಲೆ ಯಾವತ್ತೂ ಹೇಳಲಿಲ್ಲ. ಅಕ್ಕನಿಗೆ ಆ ನಗು ನೆನಪಿಲ್ಲವಂತೆ. ನನಗಿದೆ.

ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿ ನಿವೃತ್ತಿಯವರೆಗೆ ಕೆಲಸ ಮಾಡಿದವಳು ನಾನು. ಕೊಟೇಶನ್‌ಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಯಾವುದರಿಂದ ಎಷ್ಟು ಉಪಯೋಗ, ಯಾವುದಕ್ಕೆ ಎಷ್ಟು ಹೊರೆ ಎಂದು ತೂಗುವುದೇ ನನ್ನ ಅನ್ನವಾಗಿತ್ತು. ಆದರೆ ನಮ್ಮಲ್ಲೊಂದು ನಿಯಮವಿತ್ತು. ವಸ್ತು ಬೇಕೆಂದು ಇಂಡೆಂಟ್ ಹಾಕಿದವರು ಅದು ತಮಗೆ ಏತಕ್ಕೆ ಬೇಕು ಎಂಬುದನ್ನು ತಮ್ಮ ಕೈಯಾರೆ ಬರೆದು ಸಹಿ ಮಾಡಬೇಕು. ಆ ಸಹಿ ಇಲ್ಲದೆ ಪ್ರಯೋಜನದ ಮಾತನ್ನು ಯಾರೂ ಎತ್ತುವಂತಿರಲಿಲ್ಲ, ನಿರ್ದೇಶಕರೂ ಕೂಡ. ಕಲೂರಿನ ಆ ಕೋಣೆಯಲ್ಲಿದ್ದ ಏಳು ಜನರಲ್ಲಿ ಯಾರೂ ಇಂಡೆಂಟ್ ಹಾಕಿದವರಲ್ಲ. ಇಂಡೆಂಟ್ ಹಾಕಿದವರು ತಿರುವನಂತಪುರದ ಪಟ್ಟಂನ ನಮ್ಮ ಫ್ಲ್ಯಾಟಿನಲ್ಲಿ, ಚೇಚಿ, ಅಂದರೆ ಅಕ್ಕ, ಎಂದು ನಾವು ಕರೆಯುವ ಹೋಂ ನರ್ಸಿನ ಕೈಯಲ್ಲಿ ಗಂಜಿ ಕುಡಿಯುತ್ತ ಕುಳಿತಿದ್ದರು.

ನನ್ನ ಯಜಮಾನರು ಗದಗಿನವರು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರ ಮಗ. ನಾನಿದ್ದ ಸಂಸ್ಥೆಗೇ ಎಂಜಿನಿಯರ್ ಆಗಿ ಬಂದು, ತಿರುವನಂತಪುರದಲ್ಲಿಯೇ ಕೂದಲು ನರೆಸಿದರು. ಕೆಲಸದಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮಲಯಾಳ. ಮೀನು ಮಾರುವವಳೊಂದಿಗೆ, ಮೀನು ತಿನ್ನದ ಈ ಮನುಷ್ಯ ಮಲಯಾಳದಲ್ಲಿ ಹವಾಮಾನ ಚರ್ಚಿಸುತ್ತಿದ್ದರು. ಮರೆವಿನ ಕಾಯಿಲೆ ಹಿಡಿದಾಗ ಮೊದಲು ಹೋದದ್ದು ಮಲಯಾಳ, ಆಮೇಲೆ ಇಂಗ್ಲಿಷ್. ವರದಿಗಳನ್ನು ಬರೆದಿದ್ದ ಕೈಗೆ ತನ್ನದೇ ವರದಿ ಓದಲು ಬಾರದಾಯಿತು. ಕೊನೆಗೆ ಕಲಿತದ್ದು ಮೊದಲು ಹೋಗುತ್ತದೆ, ಮೊದಲು ಕಲಿತದ್ದು ಕೊನೆಯವರೆಗೆ ನಿಲ್ಲಬಹುದು ಎಂದು ಡಾಕ್ಟರು ಹೇಳಿದರು. ಹಾಗೆ ನಿಂತದ್ದು ಗದಗಿನ ಕನ್ನಡ. ಆಡುವವರು ಸಿಗುತ್ತಿರಬೇಕು, ಸಿಗದಿದ್ದರೆ ಅದೂ ಬೇಗ ಹೋದೀತು ಎಂದೂ ಅವರು ಹೇಳಿದ್ದರು.

ನಾನಿಲ್ಲವೇ ಎಂದು ನೀವು ಕೇಳಬಹುದು. ಇದ್ದೇನೆ. ಆದರೆ ನನ್ನ ಮಾತು ಆ ಹೊತ್ತಿಗೆ ಅಪ್ಪಣೆಗಳಾಗಿ ಉಳಿದಿತ್ತು. ಮಾತ್ರೆ ತಗೊಳ್ಳಿ, ಕೈ ತೊಳೀರಿ, ಅಲ್ಲಿ ಕೂರಬೇಡಿ. ಮೈಸೂರಿನ ಕನ್ನಡದಲ್ಲಿ ದಿನವಿಡೀ ಅಪ್ಪಣೆ ಕೇಳುವ ಮನುಷ್ಯ ಏನು ಮಾತಾಡಿಯಾನು? ಮಗಳು ಕೊಚ್ಚಿಯಿಂದ ಬಂದು ಮಲಯಾಳದಲ್ಲಿ ಏನಾದರೂ ಹೇಳಿದರೆ ಅವಳ ಮುಖವನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಆಕಿ ಏನಂತಾಳ?" ಎಂದು ಕೇಳುತ್ತಿದ್ದರು. ಒಂದೇ ಕೋಣೆಯಲ್ಲಿ ಕುಳಿತ ತಂದೆ ಮಗಳ ನಡುವೆ ನಾನು ದುಭಾಷಿಯಾಗಿದ್ದೆ.

ಅವರು ಮಾತಾಡುತ್ತಿದ್ದದ್ದು ಭಾನುವಾರಗಳಂದು, ಹಾವೇರಿಯವರು ಬಂದಾಗ. ಈ ಹಾವೇರಿಯವರು ನಲವತ್ತರ ಆಸುಪಾಸಿನವರು, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ತೂಕದ ಮೈ, ಜೋರಾದ ನಗು. ಮೊದಲು ತಿರುವನಂತಪುರದಲ್ಲಿಯೇ ಇದ್ದರು. ಕಂಪನಿ ಕೊಚ್ಚಿಗೆ ಕಳಿಸಿದ ಮೇಲೆಯೂ ತಿಂಗಳಿಗೆ ಎರಡು ಭಾನುವಾರ ರೈಲು ಹತ್ತಿ ಬರುತ್ತಿದ್ದರು. ಇದು ಬಳಗದ ಹಳೆಯ ವಾಡಿಕೆ. ನಾವು ಅದನ್ನು ‘ಮಾತಿನ ಭಾನುವಾರ’ ಎನ್ನುತ್ತಿದ್ದೆವು. ಬಳಗಕ್ಕೆ ಇನ್ನೂ ಹೆಸರೂ ಇರದಿದ್ದ ಕಾಲದಲ್ಲಿ, ಸಹೋದ್ಯೋಗಿಯೊಬ್ಬರ ವಿಧವೆ ತಾಯಿ ತುಮಕೂರಿನಿಂದ ಬಂದು, ಕ್ವಾರ್ಟರ್ಸಿನ ಕಿಟಕಿಯ ಬಳಿ ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳದೆ ಕೂತಿರುತ್ತಾರೆಂದು ತಿಳಿದು ನಾನೂ ನನ್ನ ಯಜಮಾನರೂ ಹೋಗತೊಡಗಿದೆವು. ಮನೆಯಿಂದ ಹೊರಡಲಾರದ ಹಿರಿಯರಿದ್ದ ಕಡೆಗೆ ಯಾರಾದರೊಬ್ಬರು ಹೋಗಿ, ಅವರ ಸೀಮೆಯ ಕನ್ನಡವನ್ನು ಒಂದಿಷ್ಟು ಹೊತ್ತು ಆಡಿ ಬರುವುದು, ಅಷ್ಟೇ. ರಾಜ್ಯೋತ್ಸವ, ಕ್ಯಾಲೆಂಡರ್, ಕ್ರಿಕೆಟ್ ಪಂದ್ಯ ಎಲ್ಲವೂ ಆಮೇಲೆ ಬಂದವು.

ಹಾವೇರಿಯವರು ಗಂಟೆ ಒತ್ತಿದರೆ ಯಜಮಾನರು ತಾವೇ ಎದ್ದು ಬಾಗಿಲಿಗೆ ಹೋಗುತ್ತಿದ್ದರು.

"ಬರ್ರಿ ಬರ್ರಿ, ಒಳಗ ಬರ್ರಿ. ಗಾಡ್ಯಾಗ ಗದ್ದಲ ಇತ್ತೇನು?"

"ಗದ್ದಲ ಅಂದ್ರ ಏನ್ ಕೇಳ್ತೀರಿ ಸಾಹೇಬ್ರ! ಕೊಕ್ಕರಿ ಹಂಗ ಒಂಟಿಗಾಲ ಮ್ಯಾಲ ಬಂದೇನಿ."

"ಹಂಗಾರ ಮೊದ್ಲ ಕೂಡ್ರಿ. ಎರಡೂ ಕಾಲು ಕೆಳಗ ಇಡ್ರಿ." ಆಮೇಲೆ ಒಳಗೆ ತಿರುಗಿ, "ಏ, ಅವಲಕ್ಕಿ ತಗೊಂಬಾರ. ಮಂದಿ ಬಂದಾರ."

ನಾನು ಅತ್ತೆಯವರಿಂದ ಕಲಿತ ಹಚ್ಚಿದ ಅವಲಕ್ಕಿಯನ್ನು ತಟ್ಟೆಯಲ್ಲಿ ಇಟ್ಟು ತಂದರೆ ಅವರೇ ನನ್ನ ಕೈಯಿಂದ ತೆಗೆದುಕೊಂಡು ಅತಿಥಿಯ ಮುಂದೆ ಇಡುತ್ತಿದ್ದರು. ವಾರವಿಡೀ ತಾನು ಊಟಮಾಡಿದೆನೋ ಇಲ್ಲವೋ ಎಂದು ತಿಳಿಯದವರು, ಆ ಹೊತ್ತಿನಲ್ಲಿ ಮನೆಯ ಯಜಮಾನರಾಗಿರುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಮೊಳೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓದಲು ಅವರ ತಂದೆ ಕಲಿಸಿದ್ದನ್ನು ಹೇಳುತ್ತಿದ್ದರು. ಅಷ್ಟು ವರ್ಷಗಳ ದಾಂಪತ್ಯದಲ್ಲಿ ನನಗೆ ಅವರು ಹೇಳದ ಸಂಗತಿ ಅದು.

ಮತ್ತೆ ಕಲೂರಿಗೆ ಬರುತ್ತೇನೆ. ಹಳದಿ ಚೀಟಿಗಳು ಒಂದೊಂದಾಗಿ ಹಲಗೆಗೆ ಏರಿದವು. ಫೋರ್ಟ್ ಕೊಚ್ಚಿಯ ಸಭಾಂಗಣದಲ್ಲಿ ರಾಜ್ಯೋತ್ಸವ: ಪ್ರಯೋಜನ ಐದು. ಮಕ್ಕಳಿಗೆ ಕನ್ನಡ ಕಲಿಸುವ ವಿಡಿಯೋ ಪಾಠಗಳು: ಅದೂ ಐದು. ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ನಾಲ್ಕೋ ಮೂರೋ ಎಂದು ಬಹಳ ಹೊತ್ತು ಎಳೆದಾಡಿದರು. ಆಮೇಲೆ ‘ಮಾತಿನ ಭಾನುವಾರ’ ಬಂತು.

ಶ್ರಮ ಐದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಧ್ಯಕ್ಷರು ಹಾವೇರಿಯವರ ಕಡೆ ಕೈ ತೋರಿಸಿ ಹೇಳಿದರು: "ನೋಡಿ, ಈಗ ಉಳಿದಿರೋದು ಒಂದೇ ಮನೆ. ಒಬ್ರಿಗೋಸ್ಕರ ಒಬ್ರು ಇಡೀ ಭಾನುವಾರ ಟ್ರೈನಲ್ಲಿ ಹೋಗಿಬರೋದು. ನಮ್ಮಲ್ಲಿ ವಿಡಿಯೋ ಎಡಿಟಿಂಗ್ ಬರೋದು ಇವರೊಬ್ರಿಗೇ. ಅದೇ ಟೈಮಲ್ಲಿ ನಾಲ್ಕು ಪಾಠ ರೆಡಿ ಆಗತ್ತೆ. ಎಷ್ಟೋ ಮಕ್ಕಳು ನೋಡ್ತಾರೆ."

"ಮಕ್ಕಳು ನೋಡ್ತಾರಂತ ಯಾರ್ ಹೇಳ್ಯಾರ್ರಿ?" ಎಂದರು ಹಾವೇರಿಯವರು. "ನನ್ನ ಮಗನ ನೋಡೂದಿಲ್ಲ. ಅಪ್ಪಾ, ಇದ್ರಾಗ ನಿನ್ನ ಹೊಟ್ಟಿ ಕಾಣತೈತಿ ಅಂತಾನ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅವರ ಮಾತು ಮುಳುಗಿತು. ಅಧ್ಯಕ್ಷರು ನನ್ನ ಕಡೆ ನೋಡಿದರು, ನೋಡಿ, ಉದಾರವಾಗಿ ಹೇಳಿದರು: "ಹಿರಿಯರ ವಿಷಯ. ಪ್ರಯೋಜನ ಮೂರು ಕೊಡೋಣ."

ಮೂರು ಬಿದ್ದಿದ್ದರೆ ಆ ಚೀಟಿ ‘ಬಿಡುವುದು’ ಎಂಬ ಮೂಲೆಗೆ ಹೋಗುತ್ತಿರಲಿಲ್ಲ. ಗೆರೆಯ ಮೇಲೆ ನಿಲ್ಲುತ್ತಿತ್ತು, ಮುಂದಿನ ಸಭೆಯವರೆಗಾದರೂ. ಮಗಳ ಬೆನ್ನು ನಮ್ಮ ಕಡೆಗಿತ್ತು. ಅವಳು ತಿರುಗದೆ, "ಬೇಡ, ಒಂದು," ಎಂದಳು. ಬರೆದಳು. ಪ್ರಯೋಜನ ಒಂದು, ಶ್ರಮ ಐದು. ಚೀಟಿಯನ್ನು ಕೆಳಗಿನ ಬಲ ಮೂಲೆಯಲ್ಲಿ ಅಂಟಿಸಿ, ಬೀಳದಂತೆ ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು.

ಉಳಿದಿದ್ದ ಆ ಒಂದು ಮನೆ ಅವಳ ತಂದೆಯದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾವೇರಿಯವರು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಅಧ್ಯಕ್ಷರು ತಮ್ಮ ಮೂರನ್ನು ಎಷ್ಟು ಬೇಗ ಬಿಟ್ಟುಕೊಟ್ಟರು ಎಂಬುದನ್ನು ಮಾತ್ರ ಗಮನಿಸಿಕೊಂಡೆ. ಒಂದು ಸಲವೂ "ಇಲ್ಲ, ಮೂರೇ ಇರಲಿ" ಎನ್ನಲಿಲ್ಲ. "ಸರಿ ಹಾಗಾದರೆ, ಚಹಾ ಹೇಳೋಣ್ವಾ?" ಎಂದರು.

ಸ್ಟೇಷನ್ನಿನವರೆಗೆ ಮಗಳು ಆಟೋದಲ್ಲಿ ಜೊತೆಗೆ ಬಂದಳು. ಮೆಟ್ರೋ ಕಂಬಗಳ ನೆರಳಿನಲ್ಲಿ ವಾಹನಗಳು ಅಲುಗಾಡದೆ ನಿಂತಿದ್ದವು.

"ಒಂದು ಯಾಕೆ ಹಾಕಿದೆ?" ಎಂದು ಕೇಳಿದೆ.

ಅವಳು ಮಲಯಾಳದಲ್ಲಿ ಹೇಳಿದಳು: "ಮತ್ತೇನು ಮಾಡಬೇಕಿತ್ತಮ್ಮಾ? ಹಲಗೆಯ ಮುಂದೆ ನಿಂತವಳು ನಾನು. ತನ್ನ ಅಪ್ಪನಿಗೆ ಒಬ್ಬ ಮನುಷ್ಯನ ಭಾನುವಾರವನ್ನೆಲ್ಲ ಬರೆದುಕೊಟ್ಟಳು ಅನ್ನುವುದಿಲ್ಲವೇ? ಚಿಕ್ಕಪ್ಪನ ಕೊಟೇಶನ್ ಬಂದಾಗ ನೀನೇನು ಮಾಡಿದೆ?"

ಅವಳು ಹೇಳಿದ್ದು ನಿಜ. ನನ್ನ ಮೈದುನ ಹುಬ್ಬಳ್ಳಿಯಲ್ಲಿ ಕೇಬಲ್ ವ್ಯಾಪಾರ ನಡೆಸುತ್ತಿದ್ದ. ಅವನ ಕೊಟೇಶನ್ ನಮ್ಮ ವಿಭಾಗಕ್ಕೆ ಬಂದ ದಿನ ನಾನು ಕುರ್ಚಿ ಬಿಟ್ಟು ಎದ್ದು, ಫೈಲನ್ನು ಬೇರೆಯವರ ಮೇಜಿಗೆ ಕಳಿಸಿ, ಹೊರಗೆ ಕಾರಿಡಾರಿನಲ್ಲಿ ನಿಂತೆ. ಆದೇಶ ಬೇರೆಯವರಿಗೆ ಹೋಯಿತು. ಮೈದುನ ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ. ಊಟದ ಹೊತ್ತಿನಲ್ಲಿ ನಾವು ಗಂಡಹೆಂಡತಿ ಇದನ್ನು ಮಾತಾಡುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು ಪಪ್ಪಡಂ ಮುರಿಯುತ್ತಿದ್ದಳು. ಅವಳು ಕಲಿತದ್ದು ಅಲ್ಲಿ.

ಅವಳು ಮಾಡಿದ್ದು ತಪ್ಪೆಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನಮ್ಮ ಮನೆಯ ಪರವಾಗಿ ನಾವಿಬ್ಬರೂ ಬಾಯಿ ತೆರೆಯುವಂತಿರಲಿಲ್ಲ. ಉಳಿದ ಐವರು ತೆರೆಯಬೇಕಾಗಿತ್ತು. ಸಂಬಂಧಿಕರು ಎದ್ದು ಹೊರಗೆ ಹೋಗುವುದು ಒಳಗಿರುವವರು ನ್ಯಾಯವಾಗಿ ತೂಗುತ್ತಾರೆಂಬ ನಂಬಿಕೆಯ ಮೇಲೆ. ಒಳಗಿದ್ದವರು ಚಹಾ ತರಿಸಿದರು.

"ಸಾರಮಿಲ್ಲ ಅಮ್ಮಾ," ಎಂದಳು ಮಗಳು. ಪರವಾಗಿಲ್ಲ ಎನ್ನುವುದಕ್ಕೆ ಇಲ್ಲಿಯ ಮಾತು ಅದು. "ವಿಡಿಯೋ ಕಾಲ್ ಇದೆಯಲ್ಲ. ಅಚ್ಛನಿಗೆ ಮಾತಾಡುವುದಕ್ಕೆ ಅಷ್ಟು ಸಾಕು. ಶ್ರಮ ಒಂದು."

ಅಚ್ಛನ್ ಎಂದರೆ ಅಪ್ಪ. ಅವಳು ಅಪ್ಪ ಎಂದು ಕರೆದದ್ದು ನನಗೆ ನೆನಪಿಲ್ಲ.

ಮುಂದಿನ ಭಾನುವಾರ ಅವಳು ಕಳಿಸಿದ ಟ್ಯಾಬ್ಲೆಟ್ಟನ್ನು ಟೀಪಾಯಿಯ ಮೇಲೆ, ಡಬ್ಬಿಯೊಂದಕ್ಕೆ ಒರಗಿಸಿ ಇಟ್ಟೆ. ಹಾವೇರಿಯವರ ಮುಖ ತೆರೆಯ ತುಂಬ ಬಂತು. "ಸಾಹೇಬ್ರ, ಆರಾಮ ಅದೀರಿ?"

ಯಜಮಾನರ ಕಣ್ಣು ಬೆಳಗಿತು. "ಬರ್ರಿ ಬರ್ರಿ," ಎಂದು ಏಳಹೋದರು. ಯಾರೂ ಒಳಗೆ ಬರದಿದ್ದುದನ್ನು ಕಂಡು ಟ್ಯಾಬ್ಲೆಟ್ಟಿನ ಹಿಂದೆ ಬಗ್ಗಿ ನೋಡಿದರು. ಮತ್ತೆ ಕುಳಿತರು. ಸ್ವಲ್ಪ ಹೊತ್ತು ಮಾತು ಸರಿಯಾಗಿಯೇ ನಡೆಯಿತು. ಆಮೇಲೆ ನನ್ನ ಕಡೆ ತಿರುಗಿ, ಮಂದಿ ಬಂದಾರ, ಅವಲಕ್ಕಿ ಎಲ್ಲಿ ಎಂದರು. ತಂದುಕೊಟ್ಟೆ. ತರಬಾರದಿತ್ತು ಎನ್ನುವವರು ಅಂದು ಆ ಕೋಣೆಯಲ್ಲಿ ಇರಬೇಕಾಗಿತ್ತು. ಅವರು ತಟ್ಟೆಯನ್ನು ಎರಡೂ ಕೈಗಳಲ್ಲಿ ಹಿಡಿದು ತೆರೆಯ ಮುಂದೆ ಇಟ್ಟರು.

"ತಗೋರಿ."

"ನೀವ ತಗೋರಿ ಸಾಹೇಬ್ರ, ನಂದ್ ಊಟ ಈಗ ಆತ್ರಿ."

"ಹಂಗಂದ್ರ ಹ್ಯಾಂಗ? ಒಂದ್ ತುತ್ತರ ತಗೋರಿ." ಕಾದರು. ತಟ್ಟೆ ಹಾಗೆಯೇ ಇತ್ತು. "ಯಾಕ ತಿನವಲ್ರಿ? ಉಪ್ಪು ಕಡಿಮಿ ಆಗೇದೇನು?"

"ಇಲ್ರೀ, ಇಲ್ರೀ! ಭಾಳ ರುಚಿ ಐತ್ರಿ," ಎಂದರು ಪಾಪ, ಕೊಚ್ಚಿಯಲ್ಲಿ ಕುಳಿತುಕೊಂಡು.

ತಿನ್ನದೆ ರುಚಿ ಹೇಳಿದ ಅತಿಥಿಯ ಮುಖವನ್ನು ಯಜಮಾನರು ಬಹಳ ಹೊತ್ತು ನೋಡಿದರು. ಮುಖ ಕೆಂಪಾಯಿತು. ಎದ್ದು ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು. ಏನು ಮರೆತರೂ ಅದನ್ನು ಮರೆಯಲಿಲ್ಲ. ಅದು ಹೇಗೆ ಉಳಿಯಿತೋ ತಿಳಿಯದು. ಮರೆಯಬೇಕಾದ್ದೆಲ್ಲ ಉಳಿದು ಉಳಿಯಬೇಕಾದ್ದೆಲ್ಲ ಹೋಗುವ ಕಾಯಿಲೆ ಅದು. ಮುಂದಿನ ಸಲ ಟ್ಯಾಬ್ಲೆಟ್ಟು ಟೀಪಾಯಿಯ ಮೇಲೆ ಬಂದೊಡನೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕುಳಿತರು.

ಮಾತು ಕಡಿಮೆಯಾಗತೊಡಗಿತು. ಮೊದಲು ಕತೆಗಳು ಹೋದವು, ಆಮೇಲೆ ಪ್ರಶ್ನೆಗಳು. ಕೊನೆಕೊನೆಗೆ ಹ್ಞೂಂ, ಉಹ್ಞೂಂ ಮಾತ್ರ. ಚೇಚಿ ಮಲಯಾಳದಲ್ಲಿ ಎಷ್ಟೇ ಪ್ರೀತಿಯಿಂದ ಕರೆದರೂ ಅದು ಅವರಿಗೆ ಎಲ್ಲಿಯದೋ ಸದ್ದು. ನಾನು ಗದಗಿನವರಂತೆ ಮಾತಾಡಲು ಪ್ರಯತ್ನಿಸಿದೆ. "ಯಾಕ್ರೀ, ಹ್ಯಾಂಗದೀರಿ?" ಎಂದರೆ ನನ್ನನ್ನು ಒಂದು ಕ್ಷಣ ನೋಡಿ ಮುಖ ತಿರುಗಿಸಿದರು. ನಾನು ಅವರನ್ನು ಅಣಕಿಸುತ್ತಿದ್ದೇನೆಂದು ತಿಳಿದರೋ ಏನೋ.

ಅಧ್ಯಕ್ಷರಿಗೆ ಫೋನ್ ಮಾಡಿದೆ. ನನಗಾಗಿ ಏನನ್ನೂ ಯಾರಲ್ಲಿಯೂ ಕೇಳದ ನಾನು, ಆ ನಿಯಮವನ್ನು ಮುರಿದು ಕೇಳಿದೆ. ಹಾವೇರಿಯವರನ್ನು ತಿಂಗಳಿಗೊಂದು ಸಲವಾದರೂ ಬಿಟ್ಟುಕೊಡಲು ಆಗುತ್ತದೆಯೇ ಎಂದೆ. ಅವರು ಬಹಳ ಸೌಜನ್ಯದಿಂದ ಉತ್ತರಿಸಿದರು: "ಅಯ್ಯೋ ಆಂಟಿ, ನಾವ್ಯಾರೂ ಬೇಡ ಅಂದಿಲ್ವಲ್ಲ. ನಾನು ಮೂರು ಹೇಳಿದ್ದೆ. ಒಂದು ಕೊಟ್ಟಿದ್ದು ನಿಮ್ಮ ಮಗಳೇ." ಆಮೇಲೆ ಸೇರಿಸಿದರು: "ಪಾಠದ ವಿಡಿಯೋ ತುಂಬ ಚೆನ್ನಾಗಿ ಬರ್ತಿದೆ. ಲಿಂಕ್ ಕಳಿಸ್ತೀನಿ, ಅಂಕಲ್‌ಗೂ ತೋರಿಸಿ."

ಲಿಂಕ್ ಬಂತು. ತೆರೆಯಲಿಲ್ಲ.

ಇದು ಹಾವೇರಿಯವರ ಕಿವಿಗೆ ಹೇಗೋ ಬಿತ್ತು. ಓಣಂ ರಜೆಯಲ್ಲಿ, ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿ, ಯಾರಿಗೂ ಹೇಳದೆ ಬಂದರು. ಕೈಯಲ್ಲಿ ಶೇಂಗಾ ಹೋಳಿಗೆಯ ಪೊಟ್ಟಣ. ಯಜಮಾನರು ಅವರನ್ನು ಗುರುತಿಸಿದರು. ಅದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ನೋಡಿದ ತಕ್ಷಣ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಬರ್ರಿ ಎನ್ನಲಿಲ್ಲ. ಆ ದೊಡ್ಡ ಮೈಯ ಮನುಷ್ಯ ಒಂದು ಗಂಟೆ ಆ ಬೆನ್ನಿನೊಂದಿಗೆ ಮಾತಾಡಿದರು. ಗದಗಿನ ಬದನೆಕಾಯಿ ಭಜಿ, ಊರಿನ ಮಳೆ, ರೈಲಿನಲ್ಲಿ ಕಂಡ ಜಗಳ. ಬೆನ್ನು ಅಲುಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು ನಲ್ಲಿಯ ನೀರಿನಲ್ಲಿ ಮುಖ ತೊಳೆದುಕೊಂಡರು.

"ಅಮ್ಮಾರ, ನಾ ಏನ್ ತಪ್ ಮಾಡೇನ್ರಿ?"

"ನಿಮ್ಮದೇನೂ ತಪ್ಪಿಲ್ಲ," ಎಂದೆ. "ಅವರ ಮನೆಯಲ್ಲಿ ನೀವು ಊಟ ಬೇಡ ಅಂದಿರಿ. ಅಷ್ಟೇ ಅವರಿಗೆ ಗೊತ್ತಿರೋದು."

"ಟ್ಯಾಬ್ನ್ಯಾಗ ಹ್ಯಾಂಗ ತಿನ್ನಲ್ರೀ ನಾ?"

ಮಾತಾಡಲು ಇದ್ದ ಒಬ್ಬರೂ ಹೀಗೆ ಹೋದರು. ಆ ಒಂದು ಅಂಕದ ಶ್ರಮಕ್ಕೆ ಇಷ್ಟು ಬೆಲೆ ಇತ್ತು ಎಂಬುದು ಹಲಗೆಯ ಯಾವ ಮೂಲೆಯಲ್ಲಿಯೂ ಬರೆದಿರಲಿಲ್ಲ.

ಹಾವೇರಿಯವರು ಇದನ್ನು ನನ್ನ ಮಗಳಿಗೆ ಹೇಳಿದರೆಂದು ನನಗೆ ಆಮೇಲೆ ತಿಳಿಯಿತು. ಅವಳು ನನಗೆ ಏನೂ ಹೇಳಲಿಲ್ಲ. ಆದರೆ ದಿನವೂ ಸಂಜೆ ಬರುತ್ತಿದ್ದ ಅವಳ ಫೋನು ತಡವಾಗಿ ಬರತೊಡಗಿತು. ಯಾಕೆ ಎಂದರೆ ಕೆಲಸವಿತ್ತು ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಹಾವೇರಿಯವರೊಂದಿಗೆ ಫೋನಿನಲ್ಲಿ ಕೂತು, ಒಂದೊಂದೇ ವಾಕ್ಯ, ಬಾಯಿಪಾಠ ಮಾಡುತ್ತಿದ್ದಳಂತೆ. ಕನ್ನಡದ ಅಕ್ಷರ ಓದಲು ಬಾರದವಳು ಮಲಯಾಳದ ಲಿಪಿಯಲ್ಲಿ ಗದಗಿನ ಕನ್ನಡ ಬರೆದುಕೊಂಡು ಕಲಿತಳು.

ಮಳೆ ಬಿಟ್ಟ ಒಂದು ಭಾನುವಾರ ಬೆಳಿಗ್ಗೆ ಬಂದಳು. ಎಂದಿನಂತೆ ಪ್ಯಾಂಟು ಶರ್ಟಿನಲ್ಲಿ ಅಲ್ಲ, ಸೀರೆಯಲ್ಲಿ. ಚೇಚಿ ಬಾಗಿಲು ತೆರೆದು, "ಆಹಾ, ಮೋಳೆ!" ಎಂದು, ಮಗಳೇ ಎನ್ನುವ ಮಲಯಾಳದ ಮಾತಿನಲ್ಲಿ, ಉದ್ಗರಿಸಹೊರಟವಳು ಅವಳ ಮುಖ ನೋಡಿ ಪಕ್ಕಕ್ಕೆ ಸರಿದಳು. ಮಗಳು ಸೀದಾ ಹೋಗಿ, ಯಜಮಾನರ ಎದುರಿನ ಕುರ್ಚಿಯ ಅಂಚಿನಲ್ಲಿ ಕುಳಿತಳು.

"ನಮಸ್ಕಾರ್ರಿ. ಆರಾಮ ಅದೀರಿ?"

ಉಚ್ಚಾರದಲ್ಲಿ ಮಲಯಾಳದ ಎಳೆತವಿತ್ತು. ನನ್ನ ಅಕ್ಕ ಅಲ್ಲಿದ್ದಿದ್ದರೆ ನಗುತ್ತಿದ್ದಳು. ಯಜಮಾನರು ನಗಲಿಲ್ಲ. ಕಿಟಕಿಯಿಂದ ನಿಧಾನವಾಗಿ ತಿರುಗಿ ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು.

"ಆರಾಮ ನೋಡವಾ. ನಿಮ್ಮದು ಯಾವೂರು?"

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಮಗಳಿಗೆ ಈ ಪ್ರಶ್ನೆಯನ್ನು ಯಾರೂ ಕಲಿಸಿರಲಿಲ್ಲ. ಅವಳು ತಡವರಿಸಿ, "ಕೊಚ್ಚಿ... ಕೊಚ್ಚಿಯಿಂದ ಬಂದೇನ್ರಿ," ಎಂದಳು.

"ದೂರ ಆತಲ್ಲವಾ. ಮುಂಜಾನೆ ಲಗೂನ ಬಿಟ್ಟಿರೇನು? ನನ್ನ ಮಗಳೂ ಅಲ್ಲೇ ಇರ್ತಾಳ."

"ಹೌದೇನ್ರಿ?"

"ಹ್ಞೂಂ. ದೊಡ್ಡ ಕೆಲಸ ಅದ ಆಕಿಗೆ. ಬರ್ತಾಳ, ಹೋಗ್ತಾಳ. ಆಕಿ ಮಾತು ನನಗ ತಿಳಿಯೂದಿಲ್ಲವಾ." ಸ್ವಲ್ಪ ತಡೆದು, ಅತಿಥಿಯ ಮುಂದೆ ಮಗಳನ್ನು ದೂರಿದಂತಾಯಿತೆಂದು ಅನ್ನಿಸಿತೋ ಏನೋ, ಸೇರಿಸಿದರು: "ಶಾಣೇ ಅದಾಳ. ಭಾಳ ಶಾಣೇ."

ತಿಂಗಳುಗಳಿಂದ ಹ್ಞೂಂ ಉಹ್ಞೂಂ ಬಿಟ್ಟು ಬೇರೇನೂ ಆಡದ ಬಾಯಿ ಅದು. ಮಗಳು ಕಲಿತು ತಂದಿದ್ದ ವಾಕ್ಯಗಳು ಬೇಗ ಮುಗಿದುಹೋದವು. ಆಮೇಲೆ ಅವಳು ಹೌದ್ರಿ, ಹೌದೇನ್ರಿ ಎನ್ನುತ್ತ ಕುಳಿತಳು, ಅಷ್ಟೇ ಸಾಕಾಯಿತು. ಮೊಳೆಗಳನ್ನು ತಿರುಗುಮುರುಗಾಗಿ ಓದುವುದನ್ನು ಅವರು ಅವಳಿಗೂ ಹೇಳಿದರು. ಅವಳು ತನ್ನ ಅಜ್ಜನ ವಿಷಯವನ್ನು ತನ್ನ ತಂದೆಯ ಬಾಯಿಂದ, ಯಾರೋ ಹೊರಗಿನವಳಂತೆ ಕೂತು, ಮೊದಲ ಸಲ ಕೇಳಿದಳು.

ಹೊರಟಾಗ ಅವರು ಎದ್ದು ಬಾಗಿಲವರೆಗೆ ಬಂದು ಕೈಮುಗಿದರು. ಸ್ವಂತ ಮಗಳಿಗೆ ಯಾವ ತಂದೆಯೂ ಹಾಗೆ ಕೈಮುಗಿಯುವುದಿಲ್ಲ. ಅವಳೂ ಮುಗಿದಳು.

ಲಿಫ್ಟಿನ ಬಳಿ ಅವಳು ಗೋಡೆಗೆ ಹಣೆ ಆನಿಸಿ ನಿಂತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ಮಲಯಾಳದಲ್ಲಿ ಕೇಳಿದಳು, "ನಾನು ಯಾರೆಂದು ಮುಂದಿನ ಸಲ ಹೇಳಲೇ ಅಮ್ಮಾ?"

ನಾನು ಖರೀದಿ ವಿಭಾಗದಲ್ಲಿ ಎಷ್ಟೋ ತೂಗಿದ್ದೇನೆ. ಅದನ್ನೂ ತೂಗಿ ನೋಡಿದೆ. ಮಗಳೆಂದು ಗೊತ್ತಾದರೆ ಅವರಿಗೆ ಮಾತು ತಿಳಿಯದ ಮಗಳು ಸಿಗುತ್ತಾಳೆ. ಗೊತ್ತಾಗದಿದ್ದರೆ ಮಾತಾಡಲು ಒಬ್ಬಳು ಸಿಗುತ್ತಾಳೆ. "ಬೇಡ," ಎಂದೆ.

ಬಳಗದ ವಾರ್ಷಿಕ ವರದಿಯಲ್ಲಿ ಮಾತಿನ ಭಾನುವಾರದ ಪ್ರಸ್ತಾಪವಿಲ್ಲ. ವಿಡಿಯೋ ಪಾಠಗಳಿಗೆ ಒಂದು ಪುಟವಿದೆ, ಅಧ್ಯಕ್ಷರ ಚಿತ್ರದೊಂದಿಗೆ. ನಾನು ಸಮಿತಿಯನ್ನು ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ. ಅದನ್ನೂ ಗಮನಿಸಿಕೊಂಡಿದ್ದೇನೆ.

ಮಗಳು ಬರುತ್ತಾಳೆ. ಪ್ರತಿ ಸಲವೂ ಅವರು ಯಾವೂರು ಎಂದು ಕೇಳುತ್ತಾರೆ, ಅವಳು ಕೊಚ್ಚಿ ಎನ್ನುತ್ತಾಳೆ. ಈ ಫ್ಲ್ಯಾಟಿನ ಕೀಲಿಕೈ ಅವಳ ಕೈಚೀಲದಲ್ಲಿದೆ, ಕಾಲೇಜಿನ ದಿನಗಳಿಂದಲೂ ಇದೆ. ಆದರೂ ಭಾನುವಾರ ಬಾಗಿಲ ಹೊರಗೆ ನಿಂತು ಗಂಟೆ ಒತ್ತುತ್ತಾಳೆ. ಒಳಗಿನಿಂದ ಅವರು ನಿಧಾನವಾಗಿ ಎದ್ದು ಬಂದು ತೆರೆಯುವವರೆಗೆ ಕಾಯುತ್ತಾಳೆ.